ತಪ್ಪಿಲ್ಲದ ಮೂರು ಸಾಲು

ಈ ವರ್ಷ, 2009ರ ಜುಲೈ 2ರಂದು ದೆಹಲಿ ಹೈಕೋರ್ಟು, ವಯಸ್ಕ ಗಂಡಸರಿಬ್ಬರು ಒಪ್ಪಿ ಖಾಸಗಿಯಾಗಿ ಕೂಡಿದರೆ ಅದು ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. ಅದಾದ ಕೆಲವೇ ದಿನಗಳಲ್ಲಿ ಹಳೆಯ ಪತ್ರಿಕೆಯ ತುಣುಕೊಂದು ನನ್ನ ಕೈಸೇರಿತು. ಈಗಲೂ ಮೇಜಿನ ಮೇಲಿದೆ. ಹಳದಿಗಟ್ಟಿದೆ, ಮುಟ್ಟಿದರೆ ಅಂಚು ಉದುರುತ್ತದೆ. ಮೂರು ಸಾಲಿನ ಸುದ್ದಿ. ಬರೆದವನು ನಾನು.

ಈಗಿನಂತೆ ತೊಂಬತ್ತರ ದಶಕದಲ್ಲೂ ನಾನು ಕನ್ನಡ ದಿನಪತ್ರಿಕೆಯೊಂದರ ಪುಣೆ ವರದಿಗಾರ. ಬೆಳಗ್ಗೆ ಶಿವಾಜಿನಗರದ ಕೋರ್ಟು, ಮಧ್ಯಾಹ್ನ ಎದುರಿನ ಉಡುಪಿಯವರ ಹೋಟೆಲು, ಸಂಜೆ ಫ್ಯಾಕ್ಸು. ಪುಣೆಯಲ್ಲಿರುವ ನಮ್ಮ ಕಡೆಯವರ ಸುದ್ದಿ ಯಾವುದನ್ನೂ ಬಿಡಬಾರದೆಂದು ಸಂಪಾದಕರ ಕಟ್ಟಪ್ಪಣೆ. ಹೆಸರು, ವಯಸ್ಸು, ಮನೆ ನಂಬರು ಎಲ್ಲವನ್ನೂ ಎರಡೆರಡು ಸಲ ತಾಳೆ ನೋಡುತ್ತಿದ್ದೆ. ನನ್ನ ಒಂದು ಸುದ್ದಿಗೂ ತಿದ್ದುಪಡಿ ಬಂದಿಲ್ಲವೆಂದು ಮದುವೆ ಊಟದ ಪಂಕ್ತಿಯಲ್ಲೂ ಹೇಳಿಕೊಳ್ಳುತ್ತಿದ್ದ ಮನುಷ್ಯ ನಾನು.

ಹಾಗೆ ಕೋರ್ಟಿನಲ್ಲಿ ಸಿಕ್ಕವರು ಈ ತುಣುಕಿನಲ್ಲಿರುವವರು. ಹೆಸರು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಸಾಕು. ವಿಜಾಪುರದ ಕಡೆಯವರು, ಅಂಗಡಿಯೊಂದರಲ್ಲಿ ಗುಮಾಸ್ತ. ಹಲವು ಸಂಸಾರಗಳಿದ್ದ ಹಳೆಯ ವಾಡೆಯ ಬಾಡಿಗೆ ಖೋಲಿಯಲ್ಲಿ ಗೆಳೆಯನ ಜೊತೆ ಇದ್ದರು. ಮನೆ ಮಾಲೀಕ ಕಿಟಕಿಯಲ್ಲಿ ಇಣುಕಿ ನೋಡಿ ಪೊಲೀಸರಿಗೆ ಹೇಳಿದ. ಇಣುಕಿದವನು ಸಾಕ್ಷಿಯಾದ, ಬಾಗಿಲು ಹಾಕಿಕೊಂಡವರು ಆರೋಪಿಗಳಾದರು. ಇದರಿಂದ ಯಾರಿಗೆ ಏನು ಹಾನಿಯಾಯಿತೆಂದು ಅಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಬರೆದುಕೊಳ್ಳುತ್ತಿದ್ದೆ. ತಪ್ಪೊಪ್ಪಿಕೊಂಡರೆ ಇವತ್ತೇ ಮನೆಗೆ ಹೋಗಬಹುದು ಎಂದು ವಕೀಲ ಹೇಳಿದ. ಇಬ್ಬರೂ ಒಪ್ಪಿಕೊಂಡರು. ಅದುವರೆಗೆ ಜೈಲಿನಲ್ಲಿ ಕಳೆದ ದಿನಗಳನ್ನೇ ಶಿಕ್ಷೆಯೆಂದು ಎಣಿಸಿ ಕೋರ್ಟು ಬಿಟ್ಟುಕಳಿಸಿತು. ಮರಾಠಿ ಪತ್ರಿಕೆಗಳು ಈ ಸುದ್ದಿಯನ್ನು ಮುಟ್ಟಲಿಲ್ಲ. ಅವರ ಊರಿಗೆ ಅದನ್ನು ಹೆಸರು, ಮನೆ ನಂಬರು ಸಮೇತ ಮುಟ್ಟಿಸಿದ್ದು ನಾನು.

ಈ ಜುಲೈಯಲ್ಲಿ ಅವರು ನನ್ನನ್ನು ಹುಡುಕಿಕೊಂಡು ಅದೇ ಹೋಟೆಲಿಗೆ ಬಂದರು. ತುಣುಕನ್ನು ಚಹಾದ ಪಕ್ಕ ಇಟ್ಟರು.

“ನಮ್ಮ ಖೋಲಿ ಪೋಸ್ಟಮನ್‌ಗ ಸುದ್ದಾ ಸಿಗ್ತಿರಲಿಲ್ಲರೀ. ನೀವು ಮಾತ್ರ ಅಡ್ರೆಸ್ ಭಾಳ ಬರೋಬ್ಬರಿ ಬರದೀರಿ.”

ನಗುತ್ತಲೇ ಅಂದರು. ಆಗ ತುಣುಕನ್ನು ಅವರಿಗೆ ಕಳಿಸಿದ್ದು ಊರಿನಲ್ಲಿದ್ದ ಅವರ ಅಣ್ಣ. ಲಕೋಟೆಯಲ್ಲಿ ಬೇರೆ ಕಾಗದ ಇರಲಿಲ್ಲ. ಅಂದಿನಿಂದ ಇವರು ಊರಿಗೆ ಹೋಗಿಲ್ಲ.

ಅವರಿಗೆ ಬೇಕಾಗಿದ್ದದ್ದು ಒಂದೇ. ಪುಣೆ ಹತ್ತಿರದ ತಳೇಗಾಂವದ ಕಾರ್ಖಾನೆಯ ಗೋದಾಮಿನಲ್ಲಿ ಹತ್ತು ವರ್ಷದಿಂದ ಹಂಗಾಮಿ ಕೆಲಸ. ಕಾಯಂ ಆಗಲು ಪೊಲೀಸರಿಂದ ನಡತೆಯ ಪ್ರಮಾಣಪತ್ರ ಬೇಕು.

“ಈಗ ಅದು ಗುನ್ಹೇನ ಅಲ್ಲ ಅಂದ ಮ್ಯಾಲ, ರಿಕಾರ್ಡಿನ್ಯಾಗಿಂದ ನನ್ನ ಹೆಸರು ಹೊಡದ ಹಾಕ್ತಾರಲ್ರಿ?”

ತೀರ್ಪಿನ ಪ್ರತಿ ನನ್ನ ಚೀಲದಲ್ಲಿತ್ತು. ಅದರ ಬಗ್ಗೆ ಖುಷಿಯಿಂದ ಬರೆದೂ ಆಗಿತ್ತು. ಕೊನೆಯ ಪುಟವನ್ನು ಮಾತ್ರ ಅವರೆದುರಿಗೇ ಸರಿಯಾಗಿ ಓದಿದೆ. ಅಂತಿಮವಾಗಿ ಮುಗಿದುಹೋದ ಪ್ರಕರಣಗಳನ್ನು ಈ ತೀರ್ಪಿನಿಂದ ಮತ್ತೆ ತೆರೆಯಲಾಗದು ಎಂದಿತ್ತು.

“ಅಂದ್ರ ಇನ್ಮ್ಯಾಲಿನವರಿಗೆ ಮಾಫಿ. ನಮಗಿಲ್ಲ.” ತುಣುಕನ್ನು ನನ್ನತ್ತ ಸರಿಸಿ, “ಹಂಗಾದ್ರ ನೀವಾರ ಒಂದು ತಿದ್ದುಪಡಿ ಹಾಕ್ರಿ,” ಎಂದರು.

ಸಂಜೆ ಹುಬ್ಬಳ್ಳಿಗೆ, ಸಂಪಾದಕರಿಗೆ ಫೋನು ಮಾಡಿದೆ.

“ಸುದ್ದಿಯೊಳಗ ತಪ್ಪೇನದ?” ಎಂದರು.

“ತಪ್ಪೇನಿಲ್ಲರಿ.”

“ಮತ್ತ? ಖರೆ ಸುದ್ದಿಗೆ ಯಾರರೆ ತಿದ್ದುಪಡಿ ಹಾಕ್ತಾರೇನ್ರಿ? ಇದನ್ನ ನಿಮಗ ನಾ ಹೇಳಬೇಕಾ?”

ಹೊಸ ವರದಿಗಾರರಿಗೆ ನಾನೇ ಕಲಿಸುತ್ತಿದ್ದ ಪಾಠ. ಫೋನಿಟ್ಟು ಆ ಮೂರು ಸಾಲನ್ನು ಮತ್ತೆ ಓದಿದೆ. ಎಲ್ಲ ನಿಖರವಾಗಿದೆ. ಇಣುಕಿದವನ ಹೆಸರು ಮಾತ್ರ ಇಲ್ಲ. ಅವನೂ ಅದೇ ವಾಡೆಯಲ್ಲಿದ್ದ. ವಿಳಾಸ ಬರೆಯುವುದು ಕಷ್ಟವಿರಲಿಲ್ಲ. ಕಾನೂನು ತಾನು ಮಾಡಿದ ತಪ್ಪನ್ನು ಒಪ್ಪಿಕೊಂಡಿತು, ಆದರೆ ಆ ತಪ್ಪಿನಿಂದ ಬಾಳು ಕೆಟ್ಟವರ ದಾಖಲೆ ಹಾಗೇ ಇರಲಿ ಎಂದಿತು. ನನ್ನ ಪತ್ರಿಕೆಯೂ ಹಾಗೇ ಎಂದಿತು. ಇದನ್ನು ನೀವು ಏನೆಂದು ಕರೆಯುತ್ತೀರೋ ಕಾಣೆ. ನಾನಂತೂ ಈಗ ಯಾರ ಮನೆ ನಂಬರನ್ನೂ ಬರೆದುಕೊಳ್ಳುವುದಿಲ್ಲ.

ತುಣುಕನ್ನು ಅವರು ವಾಪಸು ಒಯ್ಯಲಿಲ್ಲ. ಪ್ರಮಾಣಪತ್ರದ ಅರ್ಜಿಯಲ್ಲಿ ‘ಹಿಂದೆ ಶಿಕ್ಷೆಯಾಗಿದೆಯೇ’ ಎಂಬಲ್ಲಿ ‘ಹೌದು’ ಎಂದು ಬರೆದು, ತೀರ್ಪಿನ ಮೊದಲ ಪುಟವನ್ನು ಪಿನ್ನು ಹಾಕಿ ಜೋಡಿಸಿದರು.

ಹೋದ ಸೋಮವಾರ ಅರ್ಜಿ ತಿರಸ್ಕೃತವಾಗಿ ಮರಳಿ ಬಂತು. ಪಿನ್ನು ಇತ್ತು, ಜೋಡಿಸಿದ ಪುಟ ಇರಲಿಲ್ಲ.