ನಾಲ್ಕನೇ ನಂಬರಿಗೆ ಎತ್ತಿದ ಕೈ

ನಮ್ಮ ದೊಡ್ಡಮ್ಮ ರೇಡಿಯೋ ನಿಲಯದಲ್ಲಿ ಮೂವತ್ತಮೂರು ವರ್ಷ ಟೇಪು ಕತ್ತರಿಸುವ ಕೆಲಸ ಮಾಡಿದವಳು. ಭಾಷಣಕಾರರ ಕೆಮ್ಮು, ಮಂತ್ರಿಗಳ ತೊದಲು, ಗಾಯಕರು ಉಗುಳು ನುಂಗುವ ಸದ್ದು, ಎಲ್ಲವನ್ನೂ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಜೋಡಿಸಿ, ಏನೂ ನಡೆದೇ ಇಲ್ಲವೆಂಬಂತೆ ಮಾಡುತ್ತಿದ್ದಳು. ಅಲ್ಲಿ ಅವಳಿಗೆ ಬ್ಲೇಡಮ್ಮ ಎಂದೇ ಹೆಸರು. ಮನೆಯಲ್ಲೂ ಅದೇ ಚಾಳಿ. ನನಗೆ ಮೂವತ್ತೈದು ದಾಟಿದೆ. ಅವಳೆದುರು ನಾನು ಪೂರ್ತಿ ಮಾಡಿದ ವಾಕ್ಯಗಳನ್ನು ಎಣಿಸಲು ಒಂದು ಕೈಯ ಬೆರಳು ಹೆಚ್ಚು. ಇಂಥವಳು ಹೆದರಿ ನಡುಗಿದ್ದನ್ನು ಹೋದ ವರ್ಷ ನೋಡಿದೆ. ಅದನ್ನು ಬರೆಯಲು ಅವಳ ಅಪ್ಪಣೆ ಪಡೆದಿದ್ದೇನೆ. ಕತ್ತರಿಸುವ ಹಕ್ಕನ್ನು ಮಾತ್ರ ಕೊಟ್ಟಿಲ್ಲ.

ದೊಡ್ಡಪ್ಪ ಅದೇ ನಿಲಯದ ವಾದ್ಯವೃಂದದಲ್ಲಿ ಹಾರ್ನ್ ನುಡಿಸುತ್ತಿದ್ದರು. ಬಸ್ಸಿನ ಹಾರ್ನ್ ಅಲ್ಲ. ಹಿತ್ತಾಳೆಯ ಕೊಳವೆಯನ್ನು ಸುತ್ತಿ ಸುತ್ತಿ ಕೊನೆಗೆ ಬಾಯಿ ಅಗಲಿಸಿದ ವಾದ್ಯ. ಅದರಷ್ಟು ಮೋಸದ ವಾದ್ಯ ಇನ್ನೊಂದಿಲ್ಲ. ತುಟಿ ಒಂದು ಚೂರು ಒಣಗಿದರೆ ಸ್ವರ ಒಡೆಯುತ್ತದೆ. "ಪಿಟೀಲಿನವನು ತಪ್ಪಿದ್ರೆ ಪಕ್ಕದವನಿಗೆ ಗೊತ್ತಾಗುತ್ತೆ, ಹಾರ್ನಿನವನು ತಪ್ಪಿದ್ರೆ ಬಾಗಿಲು ಕಾಯೋನಿಗೂ ಗೊತ್ತಾಗುತ್ತೆ" ಎನ್ನುತ್ತಿದ್ದರು.

ಜನ 'ಬೆಟ್ಟದ ಸಿಂಫನಿ' ಎಂದು ಕರೆಯುವ ಕೃತಿಯೊಂದಿದೆ. ಬ್ಯಾಂಕಿಗೆ ಫೋನು ಮಾಡಿದರೆ ಕಾಯಿಸುವಾಗ ಹಾಕುತ್ತಾರಲ್ಲ, ಅದೇ. ಅದರ ಎರಡನೇ ಭಾಗ ಶುರುವಾಗುವುದು ಒಂಟಿ ಹಾರ್ನಿನಿಂದ. ಎಂಬತ್ತು ಜನ ಕೈಕಟ್ಟಿ ಕೂತಿರುತ್ತಾರೆ, ಒಬ್ಬನೇ ಹನ್ನೊಂದು ಸೆಕೆಂಡು ನುಡಿಸಿ ಮೇಲಿನ ಸ್ವರ ಮುಟ್ಟಿ ಇಳಿಯಬೇಕು. ಮೂವತ್ತೊಂದು ವರ್ಷದ ಹಿಂದೆ ನಮ್ಮ ವಾದ್ಯವೃಂದ ಅದನ್ನು ಧ್ವನಿಮುದ್ರಿಸಿತು. ಆ ಹನ್ನೊಂದು ಸೆಕೆಂಡು ದೊಡ್ಡಪ್ಪನ ಹೆಸರನ್ನು ಎತ್ತಿ ನಿಲ್ಲಿಸಿತು. ಮೊದಲ ಹಾರ್ನಿನ ಕುರ್ಚಿ ಕಾಯಂ ಆಯಿತು, ಶಿಷ್ಯರು ಹುಡುಕಿಕೊಂಡು ಬಂದರು, ಊರಿಗೆಲ್ಲ ಅವರು 'ಹನ್ನೊಂದು ಸೆಕೆಂಡಿನ ಮೇಷ್ಟ್ರು' ಆದರು. ಮನೆಗೆ ಯಾರೇ ಬರಲಿ, ಕಾಫಿಗೆ ಮುಂಚೆ ಆ ರೆಕಾರ್ಡು ಕೇಳಲೇಬೇಕು.

ಹೋದ ವರ್ಷ ನಿಲಯದವರು ಒಂದು ನೇರಪ್ರಸಾರ ಇಟ್ಟುಕೊಂಡರು. ಬೆಟ್ಟದ ಸಿಂಫನಿಯ ಎರಡನೇ ಭಾಗದ ಶುರು, ಹತ್ತು ಬೇರೆ ಬೇರೆ ಧ್ವನಿಮುದ್ರಣಗಳಲ್ಲಿ. ಯಾವುದು ಯಾರದೆಂದು ಹೇಳದೆ ಬರೀ ನಂಬರು ಹಾಕಿ ಕೇಳಿಸುವುದು. ಮೂವರು ತೀರ್ಪುಗಾರರು ಗತಿ, ನಾದ, ಭಾವ ತೂಗಿ ನೋಡುವುದು. ತೀರ್ಪುಗಾರರಲ್ಲಿ ಒಬ್ಬರು ದೊಡ್ಡಪ್ಪ. ಎಪ್ಪತ್ತನಾಲ್ಕರ ಮುದುಕ ಹದಿನೆಂಟರ ಮದುಮಗನ ಹಾಗೆ ಕನ್ನಡಿ ಮುಂದೆ ನಿಂತರು.

ನಿಲಯದ ಈಗಿನ ಮುಖ್ಯಸ್ಥ ಒಂದು ಕಾಲದಲ್ಲಿ ದೊಡ್ಡಮ್ಮನ ಕೈಕೆಳಗೆ ಕೆಲಸ ಕಲಿತವನು. ಅವನಿಂದ ಫೋನಿನಲ್ಲಿ ಹತ್ತರ ಪಟ್ಟಿಯನ್ನು ಗುಟ್ಟಾಗಿ ಹೇಳಿಸಿಕೊಂಡಳು. ಮಾರನೇ ದಿನ ನಾನು ಹೋದಾಗ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ನಲ್ಲಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಮಾತು ಹೊರಗೆ ಹೋಗಬಾರದೆಂದು.

"ಪುಟ್ಟಿ, ನಾನು ಮುಳುಗಿದೆ ಕಣೇ."

"ಏನಾಯ್ತು ದೊಡ್ಡಮ್ಮ?"

"ಆ ಹನ್ನೊಂದು ಸೆಕೆಂಡು ಅವರದಲ್ಲ."

ನಡೆದದ್ದು ಇಷ್ಟು. ಧ್ವನಿಮುದ್ರಣಕ್ಕೆ ನಾಲ್ಕು ದಿನ ಮುಂಚೆ ದೊಡ್ಡಪ್ಪ ಹಲ್ಲು ಕೀಳಿಸಿಕೊಂಡಿದ್ದರು, ಯಾರಿಗೂ ಹೇಳಿರಲಿಲ್ಲ. ಸಭಾಂಗಣ ಸಿಕ್ಕಿದ್ದು ಒಂದೇ ದಿನ. ಮೂರು ಸಲ ನುಡಿಸಿದರು, ಮೂರು ಸಲವೂ ಮೇಲಿನ ಸ್ವರ ಒಡೆಯಿತು. ವಾದ್ಯವೃಂದದ ನಿರ್ದೇಶಕರು ದೊಡ್ಡಮ್ಮನಿಗೆ, "ಇದನ್ನ ಸರಿಮಾಡು, ಇಲ್ಲದಿದ್ರೆ ಮುಂದಿನ ಸಲ ಆ ಕುರ್ಚಿಗೆ ಬೇರೆಯವರು" ಎಂದು ಹೇಳಿ ಹೋದರು. ಅವಳು ನಿಲಯದ ಭಂಡಾರಕ್ಕೆ ಹೋದಳು. ಹೊರದೇಶದ ಒಂದು ರೇಡಿಯೋದಿಂದ ಬಂದ, ಯಾವ ಅಂಗಡಿಯಲ್ಲೂ ಸಿಗದ ಟೇಪೊಂದು ಅಲ್ಲಿತ್ತು. ಅದರ ಹಾರ್ನ್ ಭಾಗದ ಪ್ರತಿ ಮಾಡಿ, ಶ್ರುತಿ ಸೇರಲೆಂದು ಯಂತ್ರವನ್ನು ಕೂದಲೆಳೆಯಷ್ಟು ವೇಗವಾಗಿ ಓಡಿಸಿ, ನಮ್ಮ ಟೇಪಿಗೆ ಜೋಡಿಸಿದಳು. ಸೆಕೆಂಡಿಗೆ ಹದಿನೈದು ಇಂಚಿನಂತೆ ಹೆಚ್ಚುಕಡಿಮೆ ಹದಿನಾಲ್ಕು ಅಡಿ. ಗಂಡ ಕೇಳಿದಾಗ, "ಮೂರರಲ್ಲೂ ಒಳ್ಳೇ ಚೂರು ಆರಿಸಿ ಸೇರಿಸಿದೀನಿ" ಎಂದಳು. ಹಲ್ಲುನೋವಿನಲ್ಲಿ ತಾನು ಹೇಗೆ ನುಡಿಸಿದೆನೆಂದು ಅವರಿಗೇ ಗೊತ್ತಿರಲಿಲ್ಲ, ನಂಬಿದರು.

ಆ ಹೊರದೇಶದ ಟೇಪನ್ನು ಯಾರೋ ಪುಣ್ಯಾತ್ಮರು ಈಚೆಗೆ ಕೆದಕಿ ತೆಗೆದು ಡಿಸ್ಕ್ ಮಾಡಿದ್ದರು. ಪಟ್ಟಿಯಲ್ಲಿ ಅದು ನಾಲ್ಕನೆಯದು. ನಮ್ಮದು ಒಂಬತ್ತನೆಯದು.

"ಒಂದು ಗಂಟೆಯೊಳಗೆ ಎರಡನ್ನೂ ಕೇಳ್ತಾರೆ. ಊರೆಲ್ಲ ಕೇಳ್ತಾ ಇರುತ್ತೆ. ಅವರ ಕಿವಿ ನಿನಗೆ ಗೊತ್ತಲ್ಲ" ಎಂದಳು. ನಲ್ಲಿ ನಿಲ್ಲಿಸುವುದನ್ನೂ ಮರೆತು ಹೊರಗೆ ಹೋದಳು.

ಮುಂದಿನ ಮೂರು ವಾರ ಅವಳು ಮಾಡದ ಉಪಾಯವಿಲ್ಲ. ನಾಲ್ಕನೆಯದನ್ನು ಕೈಬಿಡು ಎಂದು ಮುಖ್ಯಸ್ಥನಿಗೆ ಹೇಳಿದಳು. ಪಟ್ಟಿ ಆಗಲೇ ಮೇಲಿನವರ ಕೈ ಸೇರಿತ್ತು. ಗಂಡನಿಗೆ ಜ್ವರ ಬಂದಂತಿದೆ ಎಂದಳು; ಅವರು ಥರ್ಮಾಮೀಟರ್ ತಂದು ತೋರಿಸಿದರು. ಕಾರ್ಯಕ್ರಮದ ದಿನ ಬೆಳಿಗ್ಗೆ ಅವರ ಕನ್ನಡಕವನ್ನೇ ಬಚ್ಚಿಟ್ಟಳು.

"ಕನ್ನಡಕ ಇಲ್ದೆ ಹೇಗೆ ಹೋಗ್ತೀರಿ? ಬರಲ್ಲ ಅಂತ ಹೇಳಿಬಿಡಿ" ಎಂದಳು.

"ಲೇ, ಕೇಳೋಕೆ ಹೋಗ್ತಿರೋದು. ಕಿವಿಗೆ ಯಾರಾದ್ರೂ ಕನ್ನಡಕ ಹಾಕ್ತಾರಾ?" ಎಂದು ಕಾರು ಹತ್ತಿದರು.

ಕಾರು ನಡೆಸಿದ್ದು ನಾನು. ನಮ್ಮಿಬ್ಬರನ್ನೂ ಗಾಜಿನ ಈಚೆ, ತಂತ್ರಜ್ಞನ ಪಕ್ಕ ಕೂರಿಸಿದರು. ದೊಡ್ಡಮ್ಮ ಮೂವತ್ತಮೂರು ವರ್ಷ ಆಳಿದ ಕೋಣೆ ಅದು. ಅಲ್ಲೇ ಮೂಲೆಯ ಸ್ಟೂಲಿನ ಮೇಲೆ, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಮೈ ಮುದುಡಿಕೊಂಡು ಕೂತಳು. ಗಾಜಿನ ಆಚೆ ದೊಡ್ಡಪ್ಪ, ಒಬ್ಬ ಪತ್ರಿಕಾ ವಿಮರ್ಶಕ, ಒಬ್ಬ ಪಿಯಾನೋ ಟೀಚರು. ಯಾರ ಧ್ವನಿಮುದ್ರಣವೆಂದು ಗುರುತು ಸಿಕ್ಕರೆ ಕೈ ಎತ್ತಬೇಕೆಂದು ನಿರೂಪಕಿ ಹೇಳಿದಳು.

ಮೊದಲನೆಯದು ವಿಪರೀತ ನಿಧಾನ. "ಇದು ಬೆಟ್ಟ ಹತ್ತೋದಲ್ಲ, ಬೆಟ್ಟ ಹೊತ್ಕೊಂಡು ಹೋಗೋದು" ಎಂದರು ದೊಡ್ಡಪ್ಪ. ಎಲ್ಲರೂ ನಕ್ಕರು. ಎರಡನೆಯದರಲ್ಲಿ ಮೈಕನ್ನು ಹಾರ್ನಿನ ಬಾಯೊಳಗೇ ಇಟ್ಟಂತಿತ್ತು, ನುಡಿಸುವವನ ಉಸಿರೇ ಸಂಗೀತಕ್ಕಿಂತ ಜೋರು. ಮೂರನೆಯದಕ್ಕೆ, "ಮರದ ನೆಲದ ಸಭಾಂಗಣ, ಹಿಂದಿನ ಸಾಲು ಖಾಲಿ" ಎಂದರು. ನಿರೂಪಕಿ ಚೀಟಿ ನೋಡಿ ಹೌದೆಂದಳು. ಇಷ್ಟು ಚುರುಕು ಕಿವಿಯನ್ನು ಹೊಗಳಬೇಕಾದ ಹೊತ್ತಿನಲ್ಲಿ ನಾನು ಅದಕ್ಕೆ ಶಾಪ ಹಾಕುತ್ತಿದ್ದೆ.

ನಾಲ್ಕನೆಯದು ಶುರುವಾಯಿತು. ಒಂಟಿ ಹಾರ್ನ್. ಎರಡು ಸೆಕೆಂಡೂ ಆಗಿರಲಿಲ್ಲ, ದೊಡ್ಡಪ್ಪ ಕೈ ಎತ್ತಿದರು.

"ಇದು ನಾನು" ಎಂದರು. ಮುಖದ ತುಂಬ ನಗು.

ಆಮೇಲೆ ಪಿಟೀಲುಗಳು ಸೇರಿಕೊಂಡವು, ನಮ್ಮವರಿಗಿಂತ ಮಂದ್ರವಾಗಿ, ಸ್ವಲ್ಪ ಕಪ್ಪು ನಾದದಲ್ಲಿ. ಎತ್ತಿದ ಕೈ ಹಾಗೇ ಇತ್ತು, ನಗು ಮಾತ್ರ ಹೋಯಿತು. ದೊಡ್ಡಮ್ಮ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಮಾರನೇ ದಿನವೂ ಗುರುತಿತ್ತು. ಹೆಸರುಗಳು ಕೊನೆಯಲ್ಲಿ ಎಂದು ನಿರೂಪಕಿ ಮುಂದೆ ಹೋದಳು. ಒಂಬತ್ತನೆಯದು ಬಂದಾಗ ದೊಡ್ಡಪ್ಪ ಕೈ ಎತ್ತಲಿಲ್ಲ. ಮೇಜಿನ ಅಂಚನ್ನು ಹಿಡಿದು ಕೂತಿದ್ದರು. ಕೊನೆಯಲ್ಲಿ ಹೆಸರುಗಳನ್ನು ಓದಿದಾಗ ವಿಮರ್ಶಕ, "ಮೇಷ್ಟ್ರು ತಮ್ಮನ್ನ ತಾವೇ ಗುರುತಿಸಲಿಲ್ವಲ್ಲಪ್ಪ!" ಎಂದು ತಮಾಷೆ ಮಾಡಿದ. ಊರೆಲ್ಲ ಆ ನಗು ಕೇಳಿತು. ಎರಡು ಹಾರ್ನೂ ಒಂದೇ ಎಂದು ಯಾರಿಗೂ ಹೊಳೆಯಲಿಲ್ಲ.

ಗಂಡಾಂತರ ಕಳೆಯಿತು ಎಂದುಕೊಂಡೆ. ನನ್ನ ದಡ್ಡತನ.

ಕಾರಿನಲ್ಲಿ ಅರ್ಧ ದಾರಿ ಕಳೆದ ಮೇಲೆ ದೊಡ್ಡಪ್ಪ ಬಾಯಿ ಬಿಟ್ಟರು. "ಅಣ್ಣನಿಗೂ ಹೀಗೇ ಶುರುವಾಗಿದ್ದು."

ಅವರ ಅಣ್ಣ ಮರೆವಿನ ಕಾಯಿಲೆಯಲ್ಲಿ ಹೋದವರು. ಮೊದಲ ಲಕ್ಷಣ ಏನೆಂದರೆ, ಒಂದು ದಿನ ಪೇಪರಿನಲ್ಲಿ ಯಾರದೋ ಫೋಟೋ ತೋರಿಸಿ "ಇದು ನಾನು" ಎಂದಿದ್ದರು. ಎರಡು ವರ್ಷದಲ್ಲಿ ಹೆತ್ತ ಮಗಳನ್ನು ಯಾರಮ್ಮಾ ನೀನು ಎಂದು ಕೇಳುವಂತಾದರು. ಅವರಿಗೆ ತುತ್ತು ತಿನ್ನಿಸಿದ್ದು ದೊಡ್ಡಪ್ಪನೇ.

"ಒಂಬತ್ತನೇದೂ ನಾನೇ ಅನ್ನಿಸ್ತು. ಎರಡೂ ಕಡೆ ನಾನು ಹೇಗಿರ್ತೀನಿ?" ಎಂದರು.

ಅಲ್ಲಿಂದ ಹೆದರಿಕೆ ಗಂಡನಿಗೂ ದಾಟಿತು. ಕಪಾಟುಗಳಿಗೆ ಚೀಟಿ ಅಂಟಿಸಿದರು: ಅಂಗಿ, ಔಷಧಿ, ಚಮಚ. ದಿನಾ ಬೆಳಿಗ್ಗೆ ವಾದ್ಯವೃಂದದ ಹಳಬರ ಹೆಸರುಗಳನ್ನು ಕುರ್ಚಿಯ ಸಾಲಿನಂತೆ ಒಪ್ಪಿಸಿಕೊಳ್ಳುತ್ತಿದ್ದರು. ಒಂದು ತಡವಾದರೂ ಬೆವರುತ್ತಿದ್ದರು. ಕ್ಷೌರಕ್ಕೂ ಒಬ್ಬರೇ ಹೋಗಲಿಲ್ಲ. ಮನೆಯ ಬೀಗದ ಕೈಯನ್ನು ಹೆಂಡತಿಗೆ ಕೊಟ್ಟು, "ನಾನು ಕೇಳಿದ್ರೂ ಕೊಡಬೇಡ" ಎಂದರು. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಎಂದರೆ, "ಅಣ್ಣನಿಗೂ ಮೊದಲು ಹಾಗೇ ಅಂದಿದ್ರು" ಎಂದು ಎದ್ದು ಬಂದರು. ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ: "ನೀನು ಯಾರ ಮಗಳು, ಹೇಳಬೇಡ, ನಾನೇ ಹೇಳ್ತೀನಿ." ಸರಿಯಾಗಿಯೇ ಹೇಳುತ್ತಿದ್ದರು. ಹೇಳಿದ ಮೇಲೆ ನನ್ನ ಮುಖ ನೋಡುವ ರೀತಿ ಕಂಡರೆ ಎದ್ದು ಓಡಿಹೋಗಬೇಕು ಅನ್ನಿಸುತ್ತಿತ್ತು.

"ಹೇಳಿಬಿಡು ದೊಡ್ಡಮ್ಮ" ಎಂದೆ.

"ಏನಂತ? ನಿಮ್ಮ ತಲೆ ಸರಿಯಾಗಿದೆ, ನಿಮ್ಮ ಹೆಸರೇ ಸುಳ್ಳು ಅಂತಲಾ?" ಎಂದಳು. ಹೇಳಿದರೆ ಅವರ ಮಾನ ಹೋಗುತ್ತದೆ, ಹೇಳದಿದ್ದರೆ ಜೀವವೇ ಹೋಗುತ್ತದೆ. ಇತ್ತ ದರಿ, ಅತ್ತ ಪುಲಿ.

ಒಂದು ಭಾನುವಾರ ಬೆಳಿಗ್ಗೆ ಅವಳ ಫೋನು. ದೊಡ್ಡಪ್ಪ ಹಾರ್ನನ್ನು ಒರೆಸಿ ಪೆಟ್ಟಿಗೆಗೆ ಹಾಕಿ, ಹಳೆಯ ಶಿಷ್ಯನಿಗೆ ಹತ್ತು ಗಂಟೆಗೆ ಬಂದು ತೆಗೆದುಕೊಂಡು ಹೋಗು ಎಂದಿದ್ದರಂತೆ. "ಬಾ. ಒಬ್ಬಳೇ ಹೇಳೋಕೆ ಧೈರ್ಯ ಇಲ್ಲ" ಎಂದಳು.

ಹೋದೆ. ಹಜಾರದಲ್ಲಿ ಪೆಟ್ಟಿಗೆ ಬಾಗಿಲ ಬಳಿಯೇ ಇತ್ತು. ದೊಡ್ಡಮ್ಮ ಗಂಡನ ಎದುರು ಕೂತು, ಒಂದು ಮಾತನ್ನೂ ಕತ್ತರಿಸದೆ ಎಲ್ಲವನ್ನೂ ಹೇಳಿದಳು. ಹಲ್ಲು, ಮೂರು ಸಲ ಒಡೆದ ಸ್ವರ, ಭಂಡಾರ, ಹದಿನಾಲ್ಕು ಅಡಿ. ದೊಡ್ಡಪ್ಪ ಅವಳ ತಲೆ ಸವರಿದರು.

"ನನಗೆ ಸಮಾಧಾನ ಆಗ್ಲಿ ಅಂತ ಎಷ್ಟು ದೊಡ್ಡ ಕಥೆ ಕಟ್ಟಿದೀಯ. ಅಣ್ಣನಿಗೆ ನಾವೂ ಹೀಗೇ ಹೇಳ್ತಿದ್ವಿ, ನೆನಪಿದೆಯಾ? ಹೌದಣ್ಣ, ಆ ಫೋಟೋ ನಿಂದೇ ಅಂತ."

ನಿಜ ಹೇಳಿದರೂ ನಂಬುವವರಿಲ್ಲ ಎಂಬುದನ್ನು ಅವಳು ಎಣಿಸಿರಲಿಲ್ಲ. ಎದ್ದು ಹೊಲಿಗೆ ಮೇಜಿನ ಕೆಳಗಿನಿಂದ ಹಳೆಯ ಟೇಪು ಯಂತ್ರವನ್ನು ಎಳೆದಳು. ಗುಂಡಿಗಳ ಡಬ್ಬಿಯನ್ನು ನೆಲಕ್ಕೆ ಸುರಿದಳು. ಅಂಗಿಯ ಗುಂಡಿ, ಕೋಟಿನ ಗುಂಡಿಗಳ ಅಡಿಯಿಂದ ದಾರ ಕಟ್ಟಿದ ಮೂರು ಟೇಪಿನ ಸುರುಳಿಗಳು ಬಂದವು. ಊರಿನವರೆಲ್ಲರ ಕೆಮ್ಮನ್ನು ಕಸದ ಬುಟ್ಟಿಗೆ ಹಾಕಿದವಳು ಗಂಡನ ತಪ್ಪನ್ನು ಮೂವತ್ತೊಂದು ವರ್ಷ ಕಾಪಾಡಿಕೊಂಡಿದ್ದಳು.

ಮೊದಲನೆಯ ಸುರುಳಿ ಹಾಕಿದಳು. ಯಂತ್ರ ಗುಂಯ್‌ಗುಟ್ಟಿತು. ಹಾರ್ನಿಗಿಂತ ಮುಂಚೆ ಒಂದು ಉಸಿರು ಕೇಳಿಸಿತು, ಮೂಗಿನಿಂದ ಸಣ್ಣಗೆ, ಎರಡು ತುಂಡಾಗಿ ಎಳೆದುಕೊಂಡ ಉಸಿರು. ಆ ಉಸಿರಿಗೇ ದೊಡ್ಡಪ್ಪನ ಕೈ ಮೇಲೆ ಹೋಯಿತು. ಆಮೇಲೆ ಸ್ವರ ಏರಿತು, ತುದಿಯಲ್ಲಿ ಟಪ್ಪನೆ ಒಡೆಯಿತು.

"ಇದು ನಾನು" ಎಂದರು. ಅಳುತ್ತಿದ್ದರು. "ಇದು ನಾನೇ ಕಣೇ! ಅದು ನಾನಲ್ಲ, ಇದು ನಾನು!"

ತನ್ನ ಒಡೆದ ಸ್ವರವನ್ನು ಸಂತೋಷದಿಂದ ಕೇಳಿದ ಹಾರ್ನಿನವನು ಲೋಕದಲ್ಲಿ ಇನ್ನೊಬ್ಬನಿಲ್ಲ. ಮರೆವು ಹಿಡಿದಿಲ್ಲ ಎಂಬ ಒಂದೇ ಸಮಾಚಾರದ ಮುಂದೆ ಹೋದ ಹೆಸರು ಅವರಿಗೆ ಆ ಕ್ಷಣ ಕಾಣಲೇ ಇಲ್ಲ. ನಾನೂ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ. ಎರಡನೆಯದನ್ನು ಹಾಕಿಸಿದರು. ಮೂರನೆಯದನ್ನು ಎರಡು ಸಲ ಹಾಕಿಸಿದರು. ಕಣ್ಣು ಒರೆಸಿಕೊಂಡು, ತೀರ್ಪುಗಾರರ ಕುರ್ಚಿಯಲ್ಲಿ ಕೂತವರಂತೆ ತಲೆ ವಾಲಿಸಿ ಕೇಳಿದರು.

"ಮೂರನೇದು ಪರವಾಗಿಲ್ಲ. ಒಡೆದಿದೆ, ಆದ್ರೆ ಇಳಿಯೋವಾಗ ಚೆನ್ನಾಗಿದೆ. ಇದನ್ನೇ ಹಾಕಬಹುದಿತ್ತು."

ದೊಡ್ಡಮ್ಮ ಚದುರಿದ ಗುಂಡಿಗಳನ್ನು ಒಟ್ಟು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ನಂಗೆ ಹೆದರಿಕೆ ಆಯ್ತು ರೀ."

"ನಂಗೆ ಆಗಿರಲಿಲ್ಲ" ಎಂದರು ದೊಡ್ಡಪ್ಪ.

ಬಾಗಿಲ ಗಂಟೆ ಸದ್ದು ಮಾಡಿತು, ಶಿಷ್ಯ ಬಂದಿದ್ದ. ದೊಡ್ಡಪ್ಪ ಹಾರ್ನಿನ ಪೆಟ್ಟಿಗೆಯನ್ನು ಎತ್ತಿ ಒಳಕೋಣೆಯಲ್ಲಿ ಇಟ್ಟು ಬಂದರು. ಆಮೇಲೆ ಹೆಂಡತಿಯ ಮುಂದೆ ಕೈಚಾಚಿ ಬೀಗದ ಕೈ ಕೇಳಿದರು.