ಹಾವಿನ ರೈಲಿನ ಬಾಗಿಲಲ್ಲಿ ದಾವಲಬೀ

“ಅವ್ವಾ, ಆ ಕೋಲಮ್ಮ ನನ್ನ ಯಾಕ ಉದ್ದ ಆಗಾಕ ಬಿಡವಲ್ಲಳು?”

ಪಾರ್ಕಿನಿಂದ ಮನೆಗೆ ಬರುವ ಬಸ್ಸಿನಲ್ಲಿ ನನ್ನ ಮಗ ಗೌರೀಶ ಕೇಳಿದ ಪ್ರಶ್ನೆ. ಆರೂವರೆ ವರ್ಷದವನು. ಎತ್ತರ ಸಾಲದೆ ಹಾವಿನ ರೈಲಿನ ಬಾಗಿಲಿನಿಂದ ಅವನು ವಾಪಸು ಬಂದದ್ದು ಅಂದಿಗೆ ಮೂರನೆಯ ಸಲ. ಮಕ್ಕಳು ಬೆಳೆಯುವುದು ಬಿಡುವುದು ಆ ಕೋಲು ಹಿಡಿದವರ ಕೈಯಲ್ಲೇ ಇದೆ ಎಂದು ಅವನು ತಿಳಿದಿದ್ದ.

“ಆಕಿ ಯಾಕ ಬ್ಯಾಡ ಅಂತಾಳೋ? ನೀ ಲಗೂನ ಬೆಳೀಲಿ ಅಂತ ಆಕೀನೂ ಕಾಯಾಕತ್ತಾಳ,” ಎಂದೆ.

“ಸುಳ್ಳು,” ಎಂದು ಕಿಟಕಿಯ ಕಡೆ ಮುಖ ತಿರುಗಿಸಿದ.

ಪೂರಾ ಸುಳ್ಳಲ್ಲ. ಆ ಕೋಲಮ್ಮ, ದಾವಲಬೀ, ಒಂದು ಮಗು ಬೆಳೆಯಲಿ ಎಂದು ಕಾಯುತ್ತಿರುವುದು ನಿಜ. ಆ ಮಗು ಗೌರೀಶನಲ್ಲ, ಅಷ್ಟೇ. ಗಂಗಾವತಿಯಲ್ಲಿರುವ ಅವರ ಮೊಮ್ಮಗಳು ಮೆಹರುನಬಿ. ಹಾವಿನ ರೈಲಿನಲ್ಲಿ ಕೂರಿಸುವ ತನಕ ಅಜ್ಜಿಯ ಜೊತೆ ಮಾತಾಡುವುದಿಲ್ಲ ಎಂದು ಆ ಹುಡುಗಿ ಹಟ ಹಿಡಿದು ಕೂತಿದೆ. ಬರುವ ಈದಿಗೆ ವರ್ಷ ತುಂಬುತ್ತದೆ.

ಮುನಿರಾಬಾದಿನಿಂದ ಕೊಪ್ಪಳಕ್ಕೆ ಹೋಗುವ ರಸ್ತೆಯಲ್ಲಿ ಈ ಪಾರ್ಕು ಆಗಿ ಮೂರು ವರ್ಷ. ನಾವಿರುವುದು ಮುನಿರಾಬಾದಿನ ಕಾಲೊನಿಯಲ್ಲಿ, ಹಾಗಾಗಿ ನೆಂಟರು ಬಂದಾಗಲೆಲ್ಲ ಅಲ್ಲಿಗೆ ಹೋಗುವುದು ತಪ್ಪುವುದಿಲ್ಲ. ಹಾವಿನ ರೈಲೆಂದರೆ ಹಳಿಯ ಮೇಲೆ ಏರಿ ಇಳಿದು ಸೊಟ್ಟಗೆ ಓಡುವ ಬಂಡಿ. ಅದರ ಬಾಗಿಲಲ್ಲಿ ಸೀರೆಯ ಮೇಲೆ ನೀಲಿ ಕೋಟು, ತಲೆಯ ಸೆರಗಿನ ಮೇಲೆ ಹಳದಿ ಟೊಪ್ಪಿಗೆ ಹಾಕಿಕೊಂಡು ದಾವಲಬೀ ನಿಂತಿರುತ್ತಾರೆ. ವಯಸ್ಸು ಅರವತ್ತೆರಡು. ಕೈಯಲ್ಲಿ ಅಲ್ಯೂಮಿನಿಯಂ ಕೋಲು, ಅದಕ್ಕೆ ನೂರಾ ಇಪ್ಪತ್ತು ಸೆಂಟಿಮೀಟರಿನ ಹತ್ತಿರ ಕೆಂಪು ಟೇಪು.

ಗೋಡೆಯ ಮೇಲೆ ಬಣ್ಣದ ಜಿರಾಫೆಯೊಂದು ಕೈ ಚಾಚಿ ನಿಂತಿದೆ, ಅದರ ಕೈ ಕೆಳಗೆ ನುಸುಳಿದರೆ ಗಿಡ್ಡ ಎಂದು ಲೆಕ್ಕ. ದಾವಲಬೀಗೆ ಜಿರಾಫೆಯ ಮೇಲೆ ನಂಬಿಕೆಯಿಲ್ಲ. ಮಗುವಿನ ಚಪ್ಪಲಿ ಬಿಡಿಸುತ್ತಾರೆ. ಹಿಮ್ಮಡಿ, ಬೆನ್ನು, ತಲೆ ಮೂರೂ ಗೋಡೆಗೆ ತಾಗಿಸುತ್ತಾರೆ. “ನನ್ನ ಮೂಗು ನೋಡು” ಎನ್ನುತ್ತಾರೆ, ಗದ್ದ ತಾನಾಗಿ ನೆಟ್ಟಗಾಗುತ್ತದೆ. ಪರೀಕ್ಷೆಗೆ ಒಯ್ಯುವ ರಟ್ಟಿನ ಪ್ಯಾಡನ್ನು ತಲೆಯ ಮೇಲೆ ಅಡ್ಡ ಇಟ್ಟು ಕೂದಲು ಒತ್ತಿ ಕೋಲು ನೋಡುತ್ತಾರೆ. ಆಮೇಲೆ ಎರಡೇ ಮಾತು. ಒಂದು “ಹತ್ತು.” ಇನ್ನೊಂದು “ಬಾಜೂ ನಿಂದ್ರು.”

ತಾಯಂದಿರು ಸುಮ್ಮನಿರುತ್ತಾರೆಯೇ? ನೆತ್ತಿಯ ಮೇಲೆ ಜುಟ್ಟು ಕಟ್ಟುತ್ತಾರೆ, ಬೂಟಿನೊಳಗೆ ಕರವಸ್ತ್ರ ಮಡಚಿ ಇಡುತ್ತಾರೆ. ಕುಷ್ಟಗಿಯ ಕಡೆಯವನೊಬ್ಬ ಮಗನ ಕಾಲಿಗೆ ಎರಡು ಜೊತೆ ಕಾಲುಚೀಲ ಹಾಕಿ ತಂದಿದ್ದ. ದಾವಲಬೀ ಒಂದೊಂದೇ ಕಳಚಿ ಅವನ ಕೈಗೇ ಕೊಟ್ಟರು.

“ಬಸ್ಸಿನ್ಯಾಗ ಟಿಕೀಟ ತಪ್ಪಸಾಕ ಇದ ಹುಡುಗನ್ನ ಕುಗ್ಗಿಸಿ ನಿಂದ್ರಿಸಿ ಕರಕೊಂಡ ಬಂದಿರತೀರಿ. ಇಲ್ಲಿ ಬಂದು ಎಳದು ಉದ್ದ ಮಾಡತೀರಿ. ನಿಮ್ಮ ಮಗಾ ಏನು ಛತ್ರಿ ಏನ್ರಿ, ಬೇಕಾದಾಗ ಬಿಚ್ಚಿ, ಬ್ಯಾಡಾದಾಗ ಮಡಚಾಕ?”

ಸರದಿಯಲ್ಲಿದ್ದವರೆಲ್ಲ ನಕ್ಕರು. ಆತನೂ ನಕ್ಕ. ಹುಡುಗ ಮಾತ್ರ ನಗಲಿಲ್ಲ. ಬಾಜೂ ನಿಂತ ಮಕ್ಕಳು ಯಾರೂ ನಗುವುದಿಲ್ಲ, ದಾವಲಬೀಯೂ ಅವರ ಕಡೆ ತಿರುಗಿ ನೋಡುವುದಿಲ್ಲ. ಕಲ್ಲು ಮನಸ್ಸಿನ ಹೆಂಗಸು ಎಂದು ನಾನೂ ಅಂದುಕೊಂಡಿದ್ದೆ.

ಪರಿಚಯವಾದದ್ದು ಗೌರೀಶನ ಎರಡನೆಯ ಸೋಲಿನ ದಿನ. ನನ್ನ ಗಂಡ ಯಂಕೇಶ ತಮ್ಮ ಅಕ್ಕನ ಮಕ್ಕಳಿಬ್ಬರನ್ನೂ ಕರೆದುಕೊಂಡು ರೈಲು ಹತ್ತಿದರು. ಅವರಿಬ್ಬರೂ ಗೆರೆ ದಾಟಿದವರು. ಗೌರೀಶ ನೆಲದ ಮೇಲೆ ಕೂತುಬಿಟ್ಟ. ಊಟದ ಹೊತ್ತಾಗಿ ದಾವಲಬೀಯ ಜಾಗಕ್ಕೆ ಇನ್ನೊಬ್ಬಳು ಬಂದು ನಿಂತಳು. ಅವರು ಮೆಟ್ಟಿಲ ಕೆಳಗಿನ ನೆರಳಲ್ಲಿ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ಗೌರೀಶನ ಮುಂದೆ ಹಿಡಿದರು. ಅವನು ಆಚೆ ಹೊರಳಿದ.

“ಸಿಟ್ಟ ಬಂತೇನಪಾ? ಮಾಡ್ಕೊ ಮಾಡ್ಕೊ. ಸಿಟ್ಟಿಲೆ ಯಾರರ ಬೆಳದಿದ್ರ ನನಗೂ ಹೇಳು,” ಎಂದವರು, ನನ್ನ ಕಡೆ ನೋಡಿ, “ನಮ್ಮ ಮೆಹರೂನೂ ಹಿಂಗ ಮಾರಿ ತಿರುವಿದ್ಲವ್ವಾ,” ಎಂದರು. ಎತ್ತಿದ ತುತ್ತು ಕೈಯಲ್ಲೇ ಉಳಿಯಿತು.

ಅಂದು ಅರ್ಧ ಹೇಳಿದರು. ಉಳಿದದ್ದನ್ನು ಪಾರ್ಕಿಗೆ ರಜೆಯಿರುವ ಮಂಗಳವಾರಗಳಂದು, ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ನಾನು ಸೊಪ್ಪು ಸೋಸುವಾಗ ತಾವೂ ಒಂದು ಕಟ್ಟು ಬಿಚ್ಚಿಕೊಂಡು, ಸ್ವಲ್ಪ ಸ್ವಲ್ಪವಾಗಿ ಹೇಳಿದರು. ನಾನು ಅವರನ್ನು ಬೂಬಮ್ಮ ಎನ್ನುತ್ತೇನೆ.

ಊರು ಇರಕಲ್ಲಗಡ. ಗಂಡ ತೀರಿಕೊಂಡಾಗ ಮಗ ಮುನವ್ವರ ಇನ್ನೂ ತೊಟ್ಟಿಲಲ್ಲಿದ್ದ. ಇವರು ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿ, ಮಕ್ಕಳನ್ನು ಮನೆಮನೆಯಿಂದ ಕರೆತಂದು, ಉಪ್ಪಿಟ್ಟು ಮಾಡಿ, ಮೂಗು ಒರೆಸಿ, ಅರವತ್ತರ ತನಕ ದುಡಿದರು. ತಿಂಗಳಿಗೊಮ್ಮೆ ಮಕ್ಕಳ ಎತ್ತರ ಅಳೆಯುವಾಗ ಟೀಚರು ಬರೆದುಕೊಳ್ಳುತ್ತಿದ್ದರು, ಇವರು ಅಳೆದು ಕೂಗುತ್ತಿದ್ದರು. ಹಿಮ್ಮಡಿ, ಬೆನ್ನು, ತಲೆ ಕಲಿತದ್ದು ಅಲ್ಲಿಯೇ.

“ಒಂದು ಕೂಸು ಎರಡು ತಿಂಗಳಾತು ಎತ್ತರ ಏರಿಲ್ಲಂದ್ರ ಅದರ ಮನ್ಯಾಗ ಏನೋ ಐತಿ ಅಂತ ಅರ್ಥವ್ವಾ. ಅವರವ್ವ ಬ್ಯಾಸರ ಮಾಡ್ಕೋತಾಳಂತ ಒಂದು ಗೆರಿ ಹೆಚ್ಚ ಹೇಳಿದ್ರ, ಆ ಕೂಸಿಗೆ ಮೋಸ.”

ಮುನವ್ವರ ಲಾರಿ ಓಡಿಸುತ್ತಿದ್ದ. ನಾಲ್ಕು ವರ್ಷದ ಹಿಂದೆ ಕಾಮಾಲೆಯಾಗಿ ಹದಿನೆಂಟು ದಿನದಲ್ಲಿ ಹೋದ. ಸೊಸೆ ಶಬೀನಾಳಿಗೆ ಆಗ ಇಪ್ಪತ್ತಾರು, ಮೊಮ್ಮಗಳಿಗೆ ನಾಲ್ಕು. ಒಂದು ವರ್ಷ ಕಳೆದ ಮೇಲೆ ಸೊಸೆಗೆ ಬೇರೆ ಮದುವೆ ಮಾಡಬೇಕೆಂದು ಹೊರಟವರು ದಾವಲಬೀಯೇ. ಗಂಗಾವತಿಯಲ್ಲಿ ಬಳೆ ಅಂಗಡಿ ಇಟ್ಟಿರುವ ರಫೀಯ ಮನೆಗೆ ತಾವೇ ಹೋಗಿ ಮಾತಾಡಿದರು.

“ಜನ ಆಡ್ಕೊಂಡ್ರು. ಮಗನ ಹೆಣ್ತೀನ್ನ ತಾನೇ ಕೊಟ್ಟು ಕಳಿಸಿದ್ಲು ಅಂತ. ಆಕಿ ವಯಸ್ಸಿನ್ಯಾಗ ನಾ ಒಬ್ಬಾಕೀನ ಉಳದೀನಿ, ಹೆಂಗಿರತೈತಿ ನನಗ ಗೊತ್ತಿಲ್ಲೇನು?” ಎಂದರು. 

ಮಗು ತಾಯಿಯ ಜೊತೆ ಹೋಯಿತು. ಈದಿಗೊಮ್ಮೆ ತೋರಿಸಿಕೊಂಡು ಹೋಗುವುದು ಎಂದು ಮಾತಾಗಿತ್ತು. ಇರಕಲ್ಲಗಡದ ಮನೆಯಲ್ಲಿ ಇರಲಾರದೆ ಇವರು ಹುಲಿಗಿಯಲ್ಲಿ ಒಂದು ಕೋಣೆ ಹಿಡಿದು ಪಾರ್ಕಿಗೆ ಸೇರಿದರು. ಅಲ್ಲಿ ಮಕ್ಕಳು ಬರುತ್ತಾರೆ ಎಂಬುದೇ ಕಾರಣ. ಗುಂಪುಗುಂಪಾಗಿ ಬರುತ್ತಾರೆ. ಒಬ್ಬರೂ ಎರಡು ನಿಮಿಷಕ್ಕಿಂತ ಹೆಚ್ಚು ಅವರ ಹತ್ತಿರ ನಿಲ್ಲುವುದಿಲ್ಲ.

ಹೋದ ವರ್ಷ ರಂಜಾನ್ ಹಬ್ಬದ ಮರುದಿನ ಅದು ನಡೆಯಿತು. ಆ ದಿನಕ್ಕೆ ಅವರಲ್ಲಿ ಬಾಸಿ ಈದ್ ಎನ್ನುತ್ತಾರೆ, ಮನೆಮಂದಿಯೆಲ್ಲ ತಿರುಗಾಡಲು ಹೊರಡುವ ದಿನ. ರಫೀಯ ಮನೆಯ ಹನ್ನೊಂದು ಜನ ಟೆಂಪೋ ಮಾಡಿಕೊಂಡು ಪಾರ್ಕಿಗೆ ಬಂದರು. ಏಳು ವರ್ಷದ ಮೆಹರುಗೆ ಹೊಸ ಘಾಗ್ರಾ, ಕೈತುಂಬ ಮೆಹಂದಿ, ಕಾಲಿಗೆ ಈದಿನ ಎತ್ತರದ ಹಿಮ್ಮಡಿಯ ಚಪ್ಪಲಿ. “ನಮ್ಮ ದಾದಿಮಾ ಅದಾಳ, ನನ್ನ ಮೊದಲನೇ ಡಬ್ಬೀಗೆ ಕುಂದ್ರಸ್ತಾಳ” ಎಂದು ದಾರಿಯುದ್ದಕ್ಕೂ ಹೊಸ ಮನೆಯ ಮಕ್ಕಳಿಗೆ ಹೇಳುತ್ತ ಬಂದಿತ್ತಂತೆ.

ಅಂದು ಕಾಲಿಡಲು ಜಾಗವಿರಲಿಲ್ಲ. ಸರದಿ ಕಬ್ಬಿನ ಹಾಲಿನ ಅಂಗಡಿ ದಾಟಿತ್ತು. ಬೆಳಗಿನಿಂದ ನಾನೂರು ಮಕ್ಕಳನ್ನು ಅಳೆದ ಕೈ. ಮೆಹರು ಬಂದು ಗೋಡೆಗೆ ನಿಂತಿತು. ದಾವಲಬೀ ಚಪ್ಪಲಿ ಬಿಡಿಸಿದರು. ಪ್ಯಾಡು ಇಟ್ಟರು. ಎರಡು ಬೆರಳು ಕಡಿಮೆ.

“ಏನಂದ್ರಿ ಬೂಬಮ್ಮಾ?” ಎಂದು ನಾನು ಕೇಳಿದೆ, ಗೊತ್ತಿದ್ದೂ.

“ಬಾಜೂ ನಿಂದ್ರು ಅಂದೆ. ಮುಂದಿನವರು ಬರ್ರಿ ಅಂದೆ.”

ಕೈಯಲ್ಲಿದ್ದ ಮೆಂತ್ಯದ ಕಡ್ಡಿಯನ್ನು ಅವರು ಸಣ್ಣ ಸಣ್ಣಗೆ ಮುರಿಯುತ್ತಿದ್ದರು. “ಕೂಡಸಲಿಲ್ಲಂತ ನನಗ ಬ್ಯಾಸರಿಲ್ಲ. ಸೊಂಟದ ಮ್ಯಾಲ ಬೀಳೋ ಕಂಬಿ ಎತ್ತರ ನೋಡತೈತಿ, ಬೀಗತನ ನೋಡಂಗಿಲ್ಲ. ಸಣ್ಣ ಕೂಸಾದ್ರ ಅದರ ಕೆಳಗ ಜಾರಿಬಿಡತೈತಿ. ಆದ್ರ ಮುಂದಿನವರು ಬರ್ರಿ ಅಂದ್ನಲ್ಲವ್ವಾ. ಹಬ್ಬಕ್ಕೊಮ್ಮಿ ನೋಡೋ ಕೂಸು. ಹೆಸರ ಹಿಡದು ಸೈತ ಕರೀಲಿಲ್ಲ. ಮಂದೀ ಮಗಳಿಗೆ ಅಂದಂಗ ಅಂದೆ.”

ರಫೀಯ ತಾಯಿ ಸುಮ್ಮನಿರಲಿಲ್ಲ. “ಊರ ಮಕ್ಕಳಿಗೆ ಹಿಡಿಯೋ ಕೋಲು ಮನಿ ಕೂಸಿಗೂ ಹಿಡದ್ರಿ, ಭಾಳ ಛಲೋ ಆತು” ಎಂದರಂತೆ. ಶಬೀನಾ ಒಂದೇ ಮಾತಾಡಿದಳು, “ಈಕಿ ಅಪ್ಪ ಇದ್ದಿದ್ರ ಹಿಂಗ ಬಾಜೂ ನಿಂದ್ರಸ್ತಿದ್ರೇನು ಅತ್ತೀ?” ಹೊಸ ಮನೆಯ ಮಕ್ಕಳು ಮೂವರು ಗೆರೆ ದಾಟಿ ರೈಲು ಹತ್ತಿದರು. ಮೆಹರು ಕಂಬ ಹಿಡಿದು ನಿಂತು ನೋಡಿತು. ಸರದಿ ಬಿಟ್ಟು ಹೋಗಿ ಎತ್ತಿಕೊಳ್ಳುವಂತಿರಲಿಲ್ಲ. ಬದಲಿಗೆ ಜನ ಬಂದು ಇವರು ಹೊರಗೆ ಓಡುವಷ್ಟರಲ್ಲಿ ಟೆಂಪೋ ಹೋಗಿಯಾಗಿತ್ತು.

ಬಕ್ರೀದಿಗೆ ಅವರು ಬರಲಿಲ್ಲ. ಇವರೇ ಬೂಂದಿ ಕಟ್ಟಿಸಿಕೊಂಡು ಗಂಗಾವತಿಗೆ ಹೋದರು. ಶರಬತ್ತು ಕೊಟ್ಟರು, ಕೂರಿಸಿದರು, ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ. ಮೆಹರು ಒಳಕೋಣೆಯಿಂದ ಹೊರಗೆ ಬರಲಿಲ್ಲ. ಬಾಗಿಲ ಹಿಂದಿನಿಂದಲೇ ಕೂಗಿ ಹೇಳಿತು, ರೈಲಿನ್ಯಾಗ ಕುಂದ್ರಸಿದ ದಿನ ಮಾತಾಡ್ತೀನಿ ಅಂತ.

“ಫೋನ್ ಮಾಡಿ ಮೊಮ್ಮಗಳ ಕೂಡ ಮಾತಾಡ್ರಲ್ಲ,” ಎಂದೆ ಒಮ್ಮೆ.

“ಮಾಡತೀನಿ. ಶಬೀನಾ ಎತ್ತತಾಳ. ಆರಾಮ ಅದಾಳ, ಸಾಲಿಗೆ ಹೋಗ್ಯಾಳ, ಉಣ್ಣಾಕತ್ತಾಳ, ಮಲಗ್ಯಾಳ. ದಿನಾ ಒಂದೊಂದು. ಎಷ್ಟ ಎತ್ತರ ಆಗ್ಯಾಳ ಅಂತ ಕೇಳಬೇಕಂತ ನಾಲಗಿ ತುದೀಗೆ ಬರತೈತಿ. ಆ ಮಾತು ಎತ್ತಿದ್ರ ಹಳೇದೆಲ್ಲಾ ಎದ್ದು ಕುಂದ್ರತೈತಿ. ಬಿಡತೀನಿ.”

ಪಾರ್ಕಿನಲ್ಲಿ ಏಳೆಂಟು ವರ್ಷದ ಹೆಣ್ಣುಮಗು ಗೋಡೆಗೆ ನಿಂತಾಗ ಮಾತ್ರ ವಯಸ್ಸು ಕೇಳುತ್ತಾರೆ. ಹೋದ ಭಾನುವಾರ ಗೌರೀಶನ ಹಿಂದಿದ್ದ ಹುಡುಗಿಯನ್ನು ಹಾಗೇ ಕೇಳಿದ್ದು ನಾನು ನೋಡಿದೆ. “ಎಂಟು” ಎಂದಿತು ಮಗು. ಟೇಪಿಗಿಂತ ಒಂದು ಬೆರಳು ಮೇಲೆ. ದಾವಲಬೀ ಆ ಮಗುವನ್ನು ಬೇಗ ಬಿಡಲಿಲ್ಲ. ಪ್ಯಾಡು ತೆಗೆದು ಮತ್ತೊಮ್ಮೆ ಇಟ್ಟು ನೋಡಿದರು. ಹಿಂದಿನವರು “ಏನ್ರೀ ಅಮ್ಮಾ, ಮದುವಿಗೆ ಹೆಣ್ಣು ನೋಡಾಕತ್ತೀರೇನು?” ಎಂದು ಗದ್ದಲ ಮಾಡಿದ ಮೇಲೆ “ಹತ್ತವ್ವಾ” ಎಂದರು.

ಈ ಮಂಗಳವಾರ ಬಂದಾಗ ಹಸಿರು ಸೀರೆ ಉಟ್ಟಿದ್ದರು. ರಂಜಾನ್ ಹಬ್ಬಕ್ಕೆ ಇನ್ನು ಒಂಬತ್ತು ದಿನ. ಉಪವಾಸವಿದ್ದುದರಿಂದ ನೀರನ್ನೂ ಕುಡಿಯಲಿಲ್ಲ. ನಾನು ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದೆ.

“ಎಲ್ಲಿಗವ್ವಾ ಹೇಮಾ?”

“ನಮ್ಮ ಚಿಗವ್ವನ ಮನಿಗ್ರಿ, ಗಂಗಾವತಿಗೆ. ನಾಕು ದಿನ ಇದ್ದು ಬರತೀನಿ.”

ಅವರು ಅಂಗಳದಲ್ಲಿ ಗಾಲಿ ಉರುಳಿಸುತ್ತಿದ್ದ ಗೌರೀಶನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕರೆದರು. ಅವನು ನನ್ನ ಮುಖ ನೋಡಿದ, ಹೋಗು ಎಂದೆ. ಬಾಗಿಲ ಚೌಕಟ್ಟಿಗೆ ಅವನನ್ನು ನಿಲ್ಲಿಸಿ, ಹಿಮ್ಮಡಿ ಬೆನ್ನು ತಲೆ ತಾಗಿಸಿ, ಅಡುಗೆಮನೆಯ ಮರದ ಮಣೆಯನ್ನೇ ತಲೆಯ ಮೇಲಿಟ್ಟರು. ನನ್ನ ಹೊಲಿಗೆಯ ಟೇಪು ಕೇಳಿ ಹಿಡಿದು ನೋಡಿದರು.

“ನೂರಾ ಹದಿನೈದು. ಮೂರು ಬೆರಳು ಕಡಿಮಿ.”

“ಮತ್ತ ಕಡಿಮೇನಾ!” ಗೌರೀಶ ಅಳುವ ಮುಖ ಮಾಡಿದ.

“ಅಳಬ್ಯಾಡೋ ರಾಜಾ. ನಿನ್ನ ಕೂಡ ನನಗೊಂದು ಕೆಲಸ ಐತಿ,” ಎಂದು ಅವನ ತಲೆ ಸವರಿದರು. ನನ್ನ ಕಡೆ ತಿರುಗಿದಾಗ ಧ್ವನಿ ಇಳಿದಿತ್ತು.

“ಹೇಮವ್ವಾ, ನಿನಗ ಒಂದು ಮಾತ ಕೇಳತೀನಿ, ಇಲ್ಲ ಅನಬ್ಯಾಡ. ಬಜಾರದಾಗ ರಫೀ ಬಳಿ ಅಂಗಡಿ ಯಾರರ ತೋರಸ್ತಾರ. ಮೆಹರೂ ಸಾಲಿ ಬಿಟ್ಟ ಮ್ಯಾಲ ಅಲ್ಲೇ ಬಂದು ಕುಂತಿರತಾಳ. ಇವನ್ನ ಕರಕೊಂಡು ಬಳಿ ಇಡಿಸ್ಕೊಳ್ಳಾಕ ಹೋಗು. ಎತ್ತರ ನೋಡೋತನಕ ನನ್ನ ಹೆಸರ ಹೇಳಬ್ಯಾಡ. ಇಬ್ಬರು ಹುಡುಗ್ರು, ಆಟ ಆಡ್ರಿ ಅಂದ್ರ ಆಡತಾವ. ಹಂಗ ನಗಚ್ಯಾಟಿಗಿ ಮಾಡಿದಂಗ ಮಾಡಿ, ಯಾರು ಉದ್ದ ನೋಡೂಣು ಅಂತ ಇಬ್ಬರ್ನೂ ಬೆನ್ನಿಗೆ ಬೆನ್ನು ಹಚ್ಚಿ ನಿಂದ್ರಸು. ಬರಿಗಾಲಿಲೆ ನಿಂದ್ರಸು ಮತ್ತ. ಇವನಕಿಂತ ಆಕಿ ಮೂರು ಬೆರಳು ಮ್ಯಾಲ ಇರಬೇಕು.” ನನ್ನ ಕೈ ಹಿಡಿದು ನೋಡಿದರು. “ನಿನ್ನ ಬೆರಳು ಸಣ್ಣು. ನೀ ನಾಕು ಹಿಡಿ.”

“ಇದ್ರ ಏನ್ ಮಾಡ್ಲಿ ಬೂಬಮ್ಮಾ?”

“ಇದ್ರ ಶಬೀನಾಗ ಹೇಳು, ಬಾಸಿ ಈದಿಗೆ ಕರಕೊಂಡು ಬಾ ಅಂದಾರ ಅಂತ. ಮೊದಲನೇ ಡಬ್ಬಿ ನಾ ಹಿಡದಿಟ್ಟಿರತೀನಿ ಅಂತ ಹೇಳು. ಕಡಿಮಿ ಇದ್ರ, ಒಂದು ನೂಲೆಳಿ ಕಡಿಮಿ ಇದ್ರೂ, ಏನೂ ಹೇಳಬ್ಯಾಡವ್ವಾ. ಬಳಿ ಇಡಿಸ್ಕೊಂಡು ಸುಮ್ಮನ ಬಂದುಬಿಡು. ಇನ್ನೊಂದು ವರ್ಷ ಕಾಯತೀನಿ. ಆಕಿ ಬಂದು ಆ ಗ್ವಾಡೀಗೆ ನಿಂತ್ರ, ಮತ್ತ ಬಾಜೂ ನಿಂದ್ರು ಅನ್ನಾಕ ನನ್ನ ಕೈಲೆ ಆಗಂಗಿಲ್ಲ. ಹತ್ತು ಅಂತ ಸುಳ್ಳ ಹೇಳಾಕೂ ಆಗಂಗಿಲ್ಲ. ಇಷ್ಟು ಮಾಡತೀಯೇನವ್ವಾ?”