ಮಟಾಟುವಿನ ಮೇಲಿದ್ದ ಕೆ

ದೆವ್ವ, ಶಕುನ ಎನ್ನುವವರ ಎದುರು ನಗುತ್ತಿದ್ದವಳು ನಾನು. ಬ್ಯಾಂಕೊಂದರ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ದಾಖಲೆ ಇಲ್ಲದ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನನ್ನ ಗಂಡ ಮೋಹನನಿಗೆ ಅಕ್ಷರಗಳ ಹುಚ್ಚು. ಈ ಪರದೇಶದ ಊರಿನ ಕಿಲಿಮಾನಿ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಕೂತು, ತನ್ನ ಕಂಪನಿಯ ಲ್ಯಾಪ್‌ಟಾಪಿನಲ್ಲೇ ಹೊಸದೊಂದು ಇಂಗ್ಲಿಷ್ ಫಾಂಟ್ ಮಾಡುತ್ತಿದ್ದ. ಒಂದೊಂದು ಅಕ್ಷರ ಮುಗಿದಾಗಲೂ ನನಗೆ ತೋರಿಸದೆ ಊಟಕ್ಕೆ ಏಳುತ್ತಿರಲಿಲ್ಲ. "ಎಲ್ಲಾ ಆಯ್ತು, ಕೆ ಒಂದು ಮಾತ್ರ ನನ್ನ ಮಾತು ಕೇಳ್ತಿಲ್ಲ ಕಣೇ," ಎಂದಿದ್ದ. ಅದೇ ವಾರ ಹೃದಯಾಘಾತವಾಗಿ ಹೋಗಿಬಿಟ್ಟ.

ಕಂಪನಿಯವರು ಲ್ಯಾಪ್‌ಟಾಪ್ ವಾಪಸ್ ಕೇಳಿದರು. ಫಾಂಟಿನ ಪ್ರತಿಯನ್ನೂ ತೆಗೆದಿಡದೆ, ನಿಯಮದಂತೆ ಡಿಸ್ಕನ್ನು ಪೂರ್ತಿ ಅಳಿಸಿ ಕೊಟ್ಟವಳು ನಾನೇ. ಕೆಲಸದ ಅಭ್ಯಾಸ, ಕೈ ತಾನಾಗಿ ಮಾಡಿತು. ಆ ಅಕ್ಷರಗಳನ್ನು ಪ್ರಿಂಟ್ ಮಾಡಿ ಫ್ರಿಜ್ ಮೇಲೆ ಅವನು ಅಂಟಿಸಿದ್ದ ಒಂದು ಹಾಳೆ ಉಳಿಯಿತು, ಅದರಲ್ಲಿ ಕೆ ಇರಬೇಕಾದ ಜಾಗ ಖಾಲಿ. ಈ ಪಾಪವನ್ನು ನಾನು ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ.

ಎರಡು ವರ್ಷ ಕಳೆದಿತ್ತು. ಒಂದು ಮಧ್ಯಾಹ್ನ ಮಗಳನ್ನು ಸ್ಕೂಲಿನಿಂದ ಕರೆತರುವಾಗ ಟ್ಯಾಕ್ಸಿ ಜಾಮ್‌ನಲ್ಲಿ ನಿಂತಿತು. ಪಕ್ಕದ ಮಟಾಟುವಿನ, ಅಂದರೆ ಇಲ್ಲಿನ ಬಾಡಿಗೆ ಮಿನಿಬಸ್ಸಿನ, ಮೈಮೇಲೆ ಅದು ಹೋಗುವ ಜಾಗದ ಹೆಸರು, ಕಸರಾನಿ ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದಿತ್ತು.

"ಅಮ್ಮಾ, ದಟ್ಸ್ ಅಪ್ಪಾಸ್ ಆರ್!" ಎಂದಳು ಮಗಳು.

ಆರ್‌ನ ಕಾಲು, ಎಸ್‌ನ ಹೊಟ್ಟೆ, ಎಲ್ಲ ಅವನದೇ. ಎಲ್ಲಕ್ಕಿಂತ ಮುಂದೆ, ಆ ಅಕ್ಷರಗಳ ಜೊತೆಗೇ ಹುಟ್ಟಿದಂತೆ, ಕೆ ನಿಂತಿತ್ತು. ಟ್ಯಾಕ್ಸಿ ಹೊರಡುವ ಮೊದಲೇ ಫೋಟೋ ತೆಗೆದೆ.

ಫೋಟೋ ನೋಡಿ ಫಾಂಟಿನ ಹೆಸರು ಹೇಳುವ ವೆಬ್‌ಸೈಟ್‌ಗಳಿವೆಯಲ್ಲ, ಎಲ್ಲವನ್ನೂ ಜಾಲಾಡಿದೆ. ಯಾವುದಕ್ಕೂ ಗೊತ್ತಿಲ್ಲ. ಫೋಟೋವನ್ನು ಫ್ರಿಜ್ಜಿನ ಹಾಳೆಯ ಪಕ್ಕ ಹಿಡಿದು ನೋಡಿದೆ. ಕೆ ಬಿಟ್ಟು ಫೋಟೋದಲ್ಲಿದ್ದ ಉಳಿದ ಐದು ಅಕ್ಷರಗಳಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಆ ಫೈಲ್ ಎಲ್ಲಾದರೂ ಇದ್ದರೆ ನಾನು ಅಳಿಸಿದ್ದು ಮರಳಿ ಸಿಕ್ಕೀತು ಎಂಬ ಆಸೆಯಿಂದ, ಮಟಾಟುವಿನವರನ್ನು ಕೇಳಿಕೊಂಡು ಆ ಅಕ್ಷರಗಳನ್ನು ಕತ್ತರಿಸಿ ಅಂಟಿಸಿದ ಸ್ಟಿಕ್ಕರ್ ಅಂಗಡಿಗೂ ಹೋದೆ. ಯಾರೋ ಪೆನ್‌ಡ್ರೈವ್ ತಂದಿದ್ದರು, ಕೆಲಸ ಮುಗಿಸಿ ಒಯ್ದರು, ಮುಖ ನೆನಪಿಲ್ಲ ಎಂದ ಅಂಗಡಿಯವನು. ನನ್ನ ಮುಖ ನೋಡಿ, "ಪೋಲೆ, ಮಾಮಾ," ಎಂದು, ಇಲ್ಲಿನ ಭಾಷೆಯಲ್ಲಿ ಅಯ್ಯೋ ಪಾಪ ತಾಯಿ ಎಂಬಂತೆ, ಸಂತಾಪವನ್ನೂ ಹೇಳಿದ. ಮುಂದಿನ ತಿಂಗಳು ಆ ಮಟಾಟುವಿಗೆ ಹೊಸ ಬಣ್ಣ ಬಳಿದರು.

ಮೋಹನ ಯಾರಿಗೋ ಫೈಲ್ ಕಳಿಸಿದ್ದನೆಂದೇ ಇಟ್ಟುಕೊಳ್ಳೋಣ. ಆ ಕೆ ಬರೆದವರು ಯಾರು? ಬೇರೆಯವರಾದರೆ, ಅವನ ಕೈಯನ್ನು ನನಗಿಂತ ಚೆನ್ನಾಗಿ ಬಲ್ಲವರೊಬ್ಬರಿದ್ದಾರೆ. ಅವನೇ ಆದರೆ, ನನಗೆ ಹೇಳದೆ ಬರೆದ. ಎರಡನ್ನೂ ನಂಬಲು ನನ್ನಿಂದ ಇನ್ನೂ ಆಗಿಲ್ಲ. ಕೇಳೋಣವೆಂದರೆ ಅವನಿಲ್ಲ.